82 ಪಂದ್ಯ ಜಾಸ್ತಿ ಆಯ್ತಾ? ಎನ್‌ಬಿಎ ಕ್ಯಾಲೆಂಡರ್ ಲೆಕ್ಕ

[ಸ್ಕ್ರೀನ್ ಮೇಲೆ: ಸ್ಕೋರ್‌ಶೀಟ್‌ನ ಒಂದು ಸಾಲು]

ಮಾರ್ಚ್ 2012. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಸ್ಕೋರ್‌ಶೀಟ್. ಆಟಗಾರ ಅಂಕಣಕ್ಕೆ ಇಳಿಯದಿದ್ದರೆ ಹೆಸರಿನ ಮುಂದೆ ಕಾರಣ ಬರೆಯುತ್ತಾರೆ. ಮೊಣಕಾಲು ನೋವು, ಜ್ವರ, ಹೀಗೆ ಏನಾದರೂ. ತಂಡದ ಸ್ಟಾರ್ ಟಿಮ್ ಡಂಕನ್ ಹೆಸರಿನ ಮುಂದೆ ಇದ್ದ ಕಾರಣ: ವಯಸ್ಸಾಗಿದೆ!

ಡಂಕನ್‌ಗೆ ಆಗ 35. ಕಾರಣ ತಮಾಷೆಗೆ ಬರೆದದ್ದು, ವಿಶ್ರಾಂತಿ ಮಾತ್ರ ನಿಜ.

ಅದೇ ವರ್ಷ ನವೆಂಬರ್‌ನಲ್ಲಿ ಕೋಚ್ ಗ್ರೆಗ್ ಪೊಪೊವಿಚ್ ಇನ್ನೂ ಮುಂದೆ ಹೋದರು. ಎದುರಾಳಿ ಹಾಲಿ ಚಾಂಪಿಯನ್ ಮಯಾಮಿ ಹೀಟ್. ದೇಶವೆಲ್ಲ ಟಿವಿಯಲ್ಲಿ ನೋಡುವ ಪಂದ್ಯ. ಸ್ಪರ್ಸ್‌ಗೆ ಐದು ರಾತ್ರಿಗಳಲ್ಲಿ ಅದು ನಾಲ್ಕನೇ ಆಟ. ಡಂಕನ್, ಟೋನಿ ಪಾರ್ಕರ್, ಮನು ಜಿನೋಬಿಲಿ, ಡ್ಯಾನಿ ಗ್ರೀನ್ ನಾಲ್ವರನ್ನೂ ಪಂದ್ಯಕ್ಕೆ ಮೊದಲೇ ವಿಮಾನ ಹತ್ತಿಸಿ ಊರಿಗೆ ಕಳಿಸಿಬಿಟ್ಟರು. ಉಳಿದವರು ಆಡಿ 105–100ರಲ್ಲಿ ಸೋತರು. ಲೀಗ್ 2,50,000 ಡಾಲರ್ ದಂಡ ಹಾಕಿತು.

ಕೋಚ್ ಲೆಕ್ಕ ಸರಿ, ಲೀಗ್ ಸಿಟ್ಟೂ ಸರಿ. ದುಡ್ಡು ಕೊಟ್ಟು ಟಿಕೆಟ್ ತಗೊಂಡು ಡಂಕನ್‌ನನ್ನು ನೋಡೋಕೆ ಬಂದವರು ಏನು ಮಾಡಬೇಕು?

[ಗ್ರಾಫಿಕ್: 82]

1967–68ರಿಂದ ಒಂದು ಸೀಸನ್‌ಗೆ ಒಂದು ತಂಡಕ್ಕೆ 82 ಪಂದ್ಯ. ನಮ್ಮ ಐಪಿಎಲ್ ಲೀಗ್ ಹಂತದಲ್ಲಿ 14, ನೆನಪಿರಲಿ. ಇವತ್ತು ರಾತ್ರಿ ಆಟ, ಮುಗಿದ ಕೂಡಲೇ ವಿಮಾನ, ನಾಳೆ ರಾತ್ರಿ ಇನ್ನೊಂದು ಊರಲ್ಲಿ ಮತ್ತೆ ಆಟ. ಇದಕ್ಕೆ ಬ್ಯಾಕ್ ಟು ಬ್ಯಾಕ್ ಅಂತಾರೆ. ಸ್ಟಾರ್‌ಗಳು ಆಡದೆ ಕೂರುವುದು ಹೆಚ್ಚಾಗಿ ಇಲ್ಲೇ. 2023ರಲ್ಲಿ ಲೀಗ್ ಒಂದು ನಿಯಮ ತಂದಿತು: ಎಂವಿಪಿ, ಅಂದರೆ ಸೀಸನ್‌ನ ಅತ್ಯುತ್ತಮ ಆಟಗಾರ, ಇಂಥ ದೊಡ್ಡ ಪ್ರಶಸ್ತಿ ಬೇಕಾದರೆ 65 ಪಂದ್ಯವಾದರೂ ಆಡಿರಬೇಕು. ಅಂದರೆ ಮಿಕ್ಕ 17 ಬಿಟ್ಟರೂ ನಡೆಯುತ್ತೆ ಅಂತ ಲೀಗೇ ಒಪ್ಪಿಕೊಂಡ ಹಾಗಾಯಿತು, ಅಲ್ವಾ?

ಹಾಗಾದರೆ ಕಡಿಮೆ ಮಾಡಿ ಎಂದರೆ ತಕ್ಷಣ ಬರುವ ಉತ್ತರ: "ಮಾಡಿ ನೋಡಿದ್ದೀವಲ್ಲ, ಆಗಲೂ ಗಾಯ ಆಗಿದ್ದವು." ಈ ವಾದದಲ್ಲಿ ಹುಳುಕಿದೆ. ದಿನಗಳನ್ನು ಎಣಿಸಿ ನೋಡೋಣ.

[ಗ್ರಾಫಿಕ್: ನಾಲ್ಕು ಕ್ಯಾಲೆಂಡರ್]

1999ರಲ್ಲಿ ಮಾಲೀಕರು–ಆಟಗಾರರ ಜಗಳದಿಂದ ಸೀಸನ್ 50 ಪಂದ್ಯಕ್ಕೆ ಇಳಿಯಿತು. ಆಡಿದ್ದು 90 ದಿನದಲ್ಲಿ. 2011–12ರಲ್ಲಿ ಮತ್ತೆ ಜಗಳ, 66 ಪಂದ್ಯ, 124 ದಿನ. ಡಂಕನ್‌ಗೆ ‘ವಯಸ್ಸಾದ’ ಸೀಸನ್ ಇದೇ. ಕೋವಿಡ್ ಕಾಲದ 2020–21ರಲ್ಲಿ 72 ಪಂದ್ಯ, 146 ದಿನ. ಈಗ 2024–25 ನೋಡಿ: 82 ಪಂದ್ಯ, 174 ದಿನ. ಸುಮಾರು 2.1 ದಿನಕ್ಕೊಂದು. ಆ ಮೂರು ‘ಚಿಕ್ಕ’ ಸೀಸನ್‌ಗಳಲ್ಲೂ ಪಂದ್ಯಗಳ ನಡುವಿನ ಬಿಡುವು ಇದಕ್ಕಿಂತ ಕಡಿಮೆ! ಪಂದ್ಯ ಇಳಿಸಿದರು, ಜೊತೆಗೆ ದಿನಗಳನ್ನೂ ಇಳಿಸಿದರು. ನಿಜವಾಗಿ ಹಗುರವಾದ ಸೀಸನ್ ಹೇಗಿರುತ್ತೆ ಅಂತ ಈ ಮೂರೂ ಸಲ ಪರೀಕ್ಷೆ ಆಗಲೇ ಇಲ್ಲ.

ಹಾಗಾಗಿ ನನ್ನ ಮಾತು ಇಷ್ಟು: 72 ಪಂದ್ಯ ಸಾಕು, ಆದರೆ 174 ದಿನ ಮುಟ್ಟಬೇಡಿ. ಆಗ 2.4 ದಿನಕ್ಕೊಂದು ಆಟ. ಬಹುಪಾಲು ಬ್ಯಾಕ್ ಟು ಬ್ಯಾಕ್ ತೆಗೆದುಹಾಕಬಹುದು. 58ಕ್ಕೆ ಇಳಿಸಿ ಅನ್ನುವವರೂ ಇದ್ದಾರೆ. 29 ಎದುರಾಳಿಗಳು, ತಲಾ ಎರಡು ಸಲ. ಲೆಕ್ಕ ಚೆನ್ನಾಗಿದೆ, ಆದರೆ ಯಾರೂ ಒಪ್ಪಲ್ಲ ಬಿಡಿ.

72ಕ್ಕೂ ಒಪ್ಪುವುದು ಕಷ್ಟ. ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಕೋಚ್ ಸ್ಟೀವ್ ಕೆರ್ ವರ್ಷಗಳಿಂದ ಪಂದ್ಯ ಕಡಿಮೆ ಮಾಡಿ ಅಂತ ಹೇಳುತ್ತಲೇ ಇದ್ದಾರೆ. ಅಡ್ಡಿ ಯಾವುದೆಂದು ಅವರಿಗೂ ಗೊತ್ತು: ದುಡ್ಡು. 2025–26ರಿಂದ 11 ವರ್ಷಕ್ಕೆ ಸುಮಾರು 7,600 ಕೋಟಿ ಡಾಲರ್ ಟಿವಿ ಒಪ್ಪಂದ ಆಗಿದೆ. ಆದಾಯದಲ್ಲಿ ಹೆಚ್ಚುಕಡಿಮೆ ಅರ್ಧ ಆಟಗಾರರದ್ದು. ಹತ್ತು ಪಂದ್ಯ ಹೋದರೆ ಮಾಲೀಕರ ಜೇಬಿಗೆ ಮಾತ್ರ ಅಲ್ಲ, ವಿಶ್ರಾಂತಿ ಕೇಳುವ ಆಟಗಾರನ ಜೇಬಿಗೂ ಕತ್ತರಿ.

ಇನ್ನೊಂದು ದಾರಿ ಇದೆ. ಜನವರಿ 2025ರಲ್ಲಿ ಕಮಿಷನರ್ ಆಡಂ ಸಿಲ್ವರ್ ಅವರೇ ಆ ಮಾತು ತೆಗೆದರು. 48 ನಿಮಿಷದ ಆಟವನ್ನು ಒಲಿಂಪಿಕ್ಸ್ ಥರ 40 ನಿಮಿಷ ಮಾಡಿದರೆ ಹೇಗೆ? ಲೆಕ್ಕ ಹಾಕಿ: 82 ಸಲ 8 ನಿಮಿಷ, ಒಟ್ಟು 656. ಈಗಿನ ಅಳತೆಯಲ್ಲಿ ಹತ್ತಿರ ಹತ್ತಿರ 14 ಪಂದ್ಯದಷ್ಟು ಆಟ. ಒಂದು ಟಿಕೆಟ್ಟೂ ಹೋಗಲ್ಲ. ಓಡಾಟ ಮಾತ್ರ ಅಷ್ಟೇ ಇರುತ್ತೆ, ಅದಕ್ಕೇ ನನಗೆ 72 ಮೇಲು. ಜಾಹೀರಾತಿಗೆ ಸಿಗುವ ಬ್ರೇಕ್‌ಗಳು ಕಡಿಮೆಯಾದರೆ ಟಿವಿಯವರು ಏನಂತಾರೋ, ಆ ಜಗಳ ಬೇರೆ.