ಲಿಥಿಯಂ ಬ್ಯಾಟರಿ ಹೇಳದೆ ಕೇಳದೆ ನಿಂತುಬಿಡುತ್ತದೆ, ಅದನ್ನು ನೆನಪಿಟ್ಟುಕೊಂಡೇ ದೋಣಿಗೆ ಹಾಕಿ

ನಮಸ್ಕಾರ. ಮೀನು ಹಿಡಿಯುವ ದೋಣಿಗೆ ಲಿಥಿಯಂ ಬ್ಯಾಟರಿ ಹಾಕುವ ಬಗ್ಗೆ ಇವತ್ತು ಮಾತಾಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲಿಥಿಯಂ ಒಳ್ಳೆಯದು, ಹಾಕಿ. ಆದರೆ ಹಳೆಯದನ್ನು ಎತ್ತಿ, ಅದೇ ಜಾಗದಲ್ಲಿ ಹೊಸದನ್ನು ಕೂರಿಸಿ, ಅವೇ ಎರಡು ವೈರ್ ಬಿಗಿದರೆ ಮುಗೀತು ಅಂತ ಮಾರುವವರು ಹೇಳುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಡಬ್ಬದ ಅಳತೆ ಒಂದೇ ಇರಬಹುದು, ಸ್ವಭಾವ ಬೇರೆ. ಅದರಲ್ಲೂ ನೀರಿನ ಮೇಲೆ ಇರುವವರು ಮರೆಯಬಾರದ ಸ್ವಭಾವ ಒಂದಿದೆ. ಲಿಥಿಯಂ ಬ್ಯಾಟರಿ ಖಾಲಿಯಾಗುವಾಗ ಗೊತ್ತೇ ಆಗುವುದಿಲ್ಲ.

ಲೆಡ್ ಆಸಿಡ್ ಬ್ಯಾಟರಿ ಎಣ್ಣೆ ತೀರುತ್ತಿರುವ ದೀಪದ ಹಾಗೆ. ಪೂರ್ತಿ ತುಂಬಿದಾಗ 12.7 ವೋಲ್ಟ್, ಅರ್ಧಕ್ಕೆ ಬಂದಾಗ ಹತ್ತಿರ ಹತ್ತಿರ 12.2. ಲೈಟ್ ಮಂಕಾಗುತ್ತದೆ, ಮೋಟಾರ್ ಸೊರಗುತ್ತದೆ, ದಡಕ್ಕೆ ತಿರುಗೋ ಹೊತ್ತಾಯಿತು ಅಂತ ನಿಮಗೇ ಗೊತ್ತಾಗುತ್ತದೆ. ದೋಣಿಗೆ ಹೆಚ್ಚಾಗಿ ಹಾಕುವ ಲಿಥಿಯಂ ಐರನ್ ಫಾಸ್ಫೇಟ್ ಹಾಗಲ್ಲ. ಒಂದೊಂದು ಸೆಲ್ 3.2 ವೋಲ್ಟ್, ನಾಲ್ಕು ಸೇರಿ 12.8. ತುಂಬಿದ ಮೇಲೆ 13.3ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಮುಕ್ಕಾಲು ಪಾಲು ಬಳಸಿದರೂ ಇನ್ನೂ 13ರ ಹತ್ತಿರವೇ ಇರುತ್ತದೆ. ಇಡೀ ದಿನ ಮೋಟಾರ್ ಒಂದೇ ಬಲದಲ್ಲಿ ಎಳೆಯುತ್ತದೆ, ಅದೇ ಅದರ ದೊಡ್ಡ ಗುಣ. ಆದರೆ ಡ್ಯಾಶ್‌ಬೋರ್ಡಿನಲ್ಲಿರುವ ಆ ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಅಂತ ಅಂದಾಜು ಮಾಡುವ ಅಭ್ಯಾಸ ಇದ್ದರೆ ಅದನ್ನು ಇವತ್ತೇ ಬಿಡಿ.

ಕೊನೆಗೆ ಏನಾಗುತ್ತದೆ? ಬ್ಯಾಟರಿ ಒಳಗೆ ಬಿಎಂಎಸ್ ಅಂತ ಒಂದು ಬೋರ್ಡ್ ಇರುತ್ತದೆ. ಸೆಲ್‌ಗಳನ್ನು ಕಾಯುವುದೇ ಅದರ ಕೆಲಸ. ವೋಲ್ಟ್ ತೀರಾ ಇಳಿದರೆ, ಕರೆಂಟ್ ಮಿತಿ ಮೀರಿದರೆ, ಬಿಸಿ ಜಾಸ್ತಿಯಾದರೆ ಅದು ಸಂಪರ್ಕ ಕಡಿದುಬಿಡುತ್ತದೆ. ಅದು ಕಾಯುವುದು ಬ್ಯಾಟರಿಯನ್ನು, ನಿಮ್ಮನ್ನಲ್ಲ. ರಾತ್ರಿ ಅಲೆಯ ಮಧ್ಯೆ ಫಿಶ್ ಫೈಂಡರ್, ರೇಡಿಯೋ, ನ್ಯಾವಿಗೇಶನ್ ಲೈಟ್, ದೋಣಿ ತಳಕ್ಕೆ ಸೇರಿದ ನೀರು ಹೊರಹಾಕುವ ಬಿಲ್ಜ್ ಪಂಪ್ ಎಲ್ಲಾ ಒಂದೇ ಕ್ಷಣದಲ್ಲಿ ಆರಿಹೋದರೆ ಅದು ಬರೀ ಬ್ಯಾಟರಿ ತೊಂದರೆ ಅಲ್ಲ, ಜೀವದ ಪ್ರಶ್ನೆ ಅಲ್ವಾ? ಕೆಲವು ಬ್ಯಾಟರಿಗೆ ಮೊಬೈಲ್ ಆ್ಯಪ್ ಇರುತ್ತದೆ, ಚಾರ್ಜ್ ತೋರಿಸುತ್ತದೆ, ಸರಿ. ಆದರೆ ಕೈ ಒದ್ದೆ ಇದೆ, ಬಲೆಯೋ ಗಾಳವೋ ಹಿಡಿದುಕೊಂಡಿದ್ದೀರಿ, ಆಗ ಮೊಬೈಲ್ ತೆಗೆದು ನೋಡುವವರು ಯಾರು? ಶಂಟ್, ಅಂದರೆ ನೆಗೆಟಿವ್ ವೈರಿನ ದಾರಿಯಲ್ಲಿ ಕೂತು ಕರೆಂಟ್ ಅಳೆಯುವ ತುಂಡು, ಇರುವ ಮಾನಿಟರ್ ಹಾಕಿಸಿ. ಅದು ಒಳಗೆ ಹೋದ ಆಂಪ್, ಹೊರಗೆ ಬಂದ ಆಂಪ್ ಎರಡನ್ನೂ ಲೆಕ್ಕ ಇಡುತ್ತದೆ. ಬಜರ್ ಇರುವುದನ್ನೇ ತೆಗೆದುಕೊಂಡು, 30 ಪರ್ಸೆಂಟಿಗೆ ಬಂದಾಗ ಕೂಗುವ ಹಾಗೆ ಸೆಟ್ ಮಾಡಿ. ಒಂದು ವಿಷಯ ಮಾತ್ರ ನೋಡಿಕೊಳ್ಳಿ, ಎಲ್ಲಾ ನೆಗೆಟಿವ್ ವೈರ್‌ಗಳೂ ಶಂಟ್ ದಾಟಿಯೇ ಬ್ಯಾಟರಿಗೆ ಹೋಗಬೇಕು. ಒಂದೇ ಒಂದು ನೇರ ಬ್ಯಾಟರಿಗೆ ಬಿಗಿದಿದ್ದರೂ ಅದರ ಲೆಕ್ಕ ತಪ್ಪುತ್ತದೆ.

ಈಗ ಜಾಸ್ತಿ ಜಗಳ ಆಗುವ ಜಾಗ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಲೆಡ್ ಆಸಿಡ್ ಆಗಿಯೇ ಬಿಡಿ ಅನ್ನುತ್ತೇನೆ ನಾನು. ಮಾಮೂಲಿ 100 ಆಂಪ್-ಅವರ್ ಲಿಥಿಯಂ ಬ್ಯಾಟರಿಯ ಬಿಎಂಎಸ್ ಸತತವಾಗಿ ಕೊಡುವುದು ಸುಮಾರು 100 ಆಂಪ್. ದೊಡ್ಡ ಔಟ್‌ಬೋರ್ಡ್ ಎಂಜಿನ್ನಿನ ಸ್ಟಾರ್ಟರ್ ಒಂದು ಗಳಿಗೆಗೆ ಕೇಳುವುದು ಹಲವು ನೂರು ಆಂಪ್. ಬಿಎಂಎಸ್ ಅದನ್ನು ಶಾರ್ಟ್ ಅಂತ ತಿಳಿದು ಬಾಗಿಲು ಹಾಕಿಕೊಳ್ಳಬಹುದು. ಸ್ಟಾರ್ಟಿಂಗಿಗೆ ಅಂತಲೇ ಮಾಡಿದ ಲಿಥಿಯಂ ಬ್ಯಾಟರಿಗಳು ಇವೆ, ನಿಜ. ಹಾಕಲೇಬೇಕು ಅಂದರೆ ನಿಮ್ಮ ಎಂಜಿನ್ ಕಂಪನಿಯ ಪುಸ್ತಕದಲ್ಲಿ ಅನುಮತಿ ಇದೆಯಾ ಅಂತ ಮೊದಲು ನೋಡಿ. ನನಗೆ ಮಾತ್ರ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಲಿಥಿಯಂ ಪೂರ್ತಿ ಕೈಕೊಟ್ಟರೂ ದೋಣಿ ದಡ ಸೇರಬೇಕು. ಅದಕ್ಕೆ ಬೇಕಾದ ನಾಲ್ಕೇ ವಸ್ತು, ಎಂಜಿನ್, ಬಿಲ್ಜ್ ಪಂಪ್, ವಿಎಚ್‌ಎಫ್ ರೇಡಿಯೋ, ನ್ಯಾವಿಗೇಶನ್ ಲೈಟ್, ಇವು ಆ ಹಳೇ ಬಗೆಯ ಬ್ಯಾಟರಿಯ ಮೇಲೆ ಇರಲಿ. ತೂಕ ಜಾಸ್ತಿ ಅನ್ನುತ್ತೀರಾ? ಆಗುತ್ತದೆ, ಒಪ್ಪುತ್ತೇನೆ. ಆದರೆ ತೂಕ ಬೇರೆ ಕಡೆ ಆಗಲೇ ಉಳಿದಿದೆ. 100 ಆಂಪ್-ಅವರ್ ಲೆಡ್ ಆಸಿಡ್ ಸುಮಾರು 30 ಕೆಜಿ, ಅಷ್ಟೇ ಲಿಥಿಯಂ 12 ಕೆಜಿ ಆಸುಪಾಸು. ಜೊತೆಗೆ ಲೆಡ್ ಆಸಿಡ್ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಲಿಥಿಯಂ 80 ಪರ್ಸೆಂಟ್ ಬಳಸಿದರೂ ಗೊಣಗುವುದಿಲ್ಲ. ಉಳಿದ ತೂಕದಲ್ಲಿ ಒಂದು ಪಾಲನ್ನು ನಿಮ್ಮ ಜೀವಕ್ಕೆ ಕೊಡಿ.

ಎರಡು ಬಗೆಯ ಬ್ಯಾಟರಿ ಅಂದ ಮೇಲೆ ಚಾರ್ಜ್ ಮಾಡುವುದು ಹೇಗೆ ಅನ್ನುವ ಪ್ರಶ್ನೆ ಬರುತ್ತದೆ. ಜನ ಸುಮ್ನೆ ಎಂಜಿನ್ನಿನಿಂದ ಒಂದು ವೈರ್ ಎಳೆದು ಲಿಥಿಯಂಗೆ ಕಟ್ಟುವುದು ಇಲ್ಲೇ. ಲೆಡ್ ಆಸಿಡ್ ತುಂಬುತ್ತಾ ಬಂದ ಹಾಗೆ ತಾನೇ ಕರೆಂಟ್ ಕಡಿಮೆ ತೆಗೆದುಕೊಳ್ಳುತ್ತದೆ. ಲಿಥಿಯಂನ ಒಳಗಿನ ತಡೆ ತುಂಬಾ ಕಮ್ಮಿ, ಹಾಗಾಗಿ ಹೆಚ್ಚೂಕಡಿಮೆ ತುಂಬುವವರೆಗೂ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟ್ ಮಾಡುವ ಯಂತ್ರ, ಎಷ್ಟು ಕೊಟ್ಟರೆ ಅಷ್ಟನ್ನೂ ಎಳೆಯುತ್ತದೆ. ಎಂಜಿನ್ ನಿಧಾನ ಓಡುವಾಗ ಫ್ಯಾನ್ ಗಾಳಿಯೂ ಸಾಲದು, ಆಲ್ಟರ್ನೇಟರ್ ಬೆಂದುಹೋಗುತ್ತದೆ. ಇನ್ನೂ ಕೆಟ್ಟದ್ದು ಯಾವಾಗ ಅಂದರೆ, ಜೋರು ಚಾರ್ಜ್ ಆಗುತ್ತಿರುವಾಗ ಬಿಎಂಎಸ್ ಥಟ್ಟನೆ ಕಡಿದರೆ. ಹೋಗುತ್ತಿದ್ದ ಕರೆಂಟಿಗೆ ಜಾಗ ಇಲ್ಲದೆ ವೋಲ್ಟೇಜ್ ಒಮ್ಮೆಲೇ ಮೇಲೇರುತ್ತದೆ, ಆಲ್ಟರ್ನೇಟರಿನ ಡಯೋಡ್ ಹೋಗುತ್ತದೆ, ಕೆಲವೊಮ್ಮೆ ಅದೇ ಲೈನಿನಲ್ಲಿದ್ದ ಎಲೆಕ್ಟ್ರಾನಿಕ್ಸ್ ಕೂಡ. ಅದಕ್ಕೆ ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕಿ. ಆಲ್ಟರ್ನೇಟರ್ ನೇರ ಸ್ಟಾರ್ಟಿಂಗ್ ಬ್ಯಾಟರಿಗೆ ಹೋಗಲಿ. ಅಲ್ಲಿಂದ ಚಾರ್ಜರ್ ಮಿತಿಯಲ್ಲಿ ತೆಗೆದು, 14.4 ವೋಲ್ಟ್ ಸುಮಾರಿಗೆ ಏರಿಸಿ, ಲಿಥಿಯಂಗೆ ಕೊಡುತ್ತದೆ. ಬಿಎಂಎಸ್ ಕಡಿದರೂ ಆಲ್ಟರ್ನೇಟರಿನ ಎದುರು ಒಂದು ಬ್ಯಾಟರಿ ಇದ್ದೇ ಇರುತ್ತದೆ. ಚಾರ್ಜರ್ ಎಷ್ಟು ದೊಡ್ಡದಿರಬೇಕು? ಆಲ್ಟರ್ನೇಟರಿನ ರೇಟಿಂಗಿನ ಅರ್ಧ ದಾಟಬೇಡಿ ಅನ್ನುತ್ತೇನೆ. ಆ ರೇಟಿಂಗ್ ಬರುವುದು ಎಂಜಿನ್ ಜೋರಾಗಿ ಓಡುವಾಗ, ಮೀನಿನ ಹಿಂದೆ ನಿಧಾನ ಹೋಗುವಾಗ ಅಲ್ಲ. ಇನ್ನು ದಡದಲ್ಲಿ ಚಾರ್ಜ್ ಮಾಡಲು ಹಳೇ ಚಾರ್ಜರ್ ಬಳಸುವುದಾದರೆ, ಅದರಲ್ಲಿ ಡಿಸಲ್ಫೇಶನ್, ಈಕ್ವಲೈಸ್ ಅಂತ ಲೆಡ್ ಆಸಿಡ್‌ಗಾಗಿ ವೋಲ್ಟ್ ಏರಿಸುವ ಮೋಡ್‌ಗಳು ಲಿಥಿಯಂಗೆ ಬೇಡವೇ ಬೇಡ.

ಫ್ಯೂಸ್ ವಿಷಯದಲ್ಲಿ ಮಾತ್ರ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಶಾರ್ಟ್ ಆದರೆ ಈ ಸೆಲ್‌ಗಳು ಸಾವಿರಾರು ಆಂಪ್ ಸುರಿಯಬಲ್ಲವು. ಬಿಎಂಎಸ್ ತಡೆಯುತ್ತದಲ್ಲ ಅನ್ನಬೇಡಿ, ಎಲೆಕ್ಟ್ರಾನಿಕ್ ಬೋರ್ಡ್ ಕೆಡುವುದೂ ಉಂಟು. ಸಾಧಾರಣ ಫ್ಯೂಸ್ ಅಷ್ಟು ಕರೆಂಟಿನಲ್ಲಿ ಕರಗಿದರೂ, ಕರಗಿದ ಜಾಗದಲ್ಲಿ ಕಿಡಿಯ ಸೇತುವೆ ಕಟ್ಟಿಕೊಂಡು ಕರೆಂಟ್ ಹರಿಯುತ್ತಲೇ ಇರಬಹುದು. ಕ್ಲಾಸ್ ಟಿ ಫ್ಯೂಸ್ 20,000 ಆಂಪ್‌ವರೆಗೆ ಕಡಿಯುವ ಹಾಗೆ ಮಾಡಿದ್ದು, ಮುಖ್ಯ ಫ್ಯೂಸ್ ಅದೇ ಇರಲಿ. ಕರೆಂಟಿನ ಮೂಲದಿಂದ 7 ಇಂಚಿನೊಳಗೆ ಫ್ಯೂಸ್ ಇರಬೇಕು ಅನ್ನುವುದು ಬೋಟ್ ಮಾನದಂಡ ಮಾಡುವ ಅಮೆರಿಕದ ಸಂಸ್ಥೆ ಎಬಿವೈಸಿಯ ಸಾಮಾನ್ಯ ನಿಯಮ. ಕೆಲವು ಸಂದರ್ಭಕ್ಕೆ ಸಡಿಲಿಕೆ ಇದೆ, ಆದರೂ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಫ್ಯೂಸ್ ಇರುವುದು ಕೇಬಲ್ ಕಾಯಲಿಕ್ಕೆ. ಕೇಬಲ್ ತಾಳುವುದಕ್ಕಿಂತ ದೊಡ್ಡ ಫ್ಯೂಸ್ ಹಾಕಿದರೆ ಮೊದಲು ಸುಡುವುದು ಕೇಬಲ್ಲೇ.

ಬೆಂಕಿ ಅಂದ ತಕ್ಷಣ ಎಲ್ಲರೂ ಲಿಥಿಯಂ ಅಂದರೆ ಸ್ಫೋಟ ಅಂತ ಹೆದರುತ್ತಾರೆ. ಎಲ್ಲಾ ಲಿಥಿಯಂ ಒಂದೇ ಅಲ್ಲ. ಐರನ್ ಫಾಸ್ಫೇಟ್ ಬಗ್ಗೆ ಪಾಧಿ, ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಎನಫ್ ಅವರ ಪ್ರಬಂಧ ಬಂದದ್ದು 1997ರಲ್ಲಿ. ಅದರಲ್ಲಿ ರಂಜಕ ಮತ್ತು ಆಮ್ಲಜನಕದ ಹಿಡಿತ ತುಂಬಾ ಗಟ್ಟಿ, ಬಿಸಿಯಾದರೂ ಆಮ್ಲಜನಕ ಸುಲಭಕ್ಕೆ ಬಿಡುವುದಿಲ್ಲ. ನಿಕಲ್, ಕೋಬಾಲ್ಟ್ ಇರುವ ಸೆಲ್‌ಗಳು ಅದಕ್ಕಿಂತ ಕಡಿಮೆ ಬಿಸಿಗೇ ಹದ ತಪ್ಪುತ್ತವೆ. ಹಾಗಾಗಿ ಹಳೇ ಸ್ಕೂಟರ್ ಪ್ಯಾಕ್ ಬಿಚ್ಚಿ ದೋಣಿಗೆ ಜೋಡಿಸುವ ಸಾಹಸ ಮಾಡಬೇಡಿ, ದಯವಿಟ್ಟು.

ಟ್ರೋಲಿಂಗ್ ಮೋಟಾರ್, ಅಂದರೆ ದೋಣಿಯನ್ನು ಮೆಲ್ಲಗೆ ತಳ್ಳುವ ಸಣ್ಣ ಬ್ಯಾಟರಿ ಮೋಟಾರ್, ಇರುವವರಿಗೆ ಒಂದು ಲೆಕ್ಕ. 55 ಪೌಂಡ್ ತಳ್ಳುವ 12 ವೋಲ್ಟ್ ಮೋಟಾರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪ್ ಎಳೆಯುತ್ತದೆ. ಅಂದರೆ 100 ಆಂಪ್-ಅವರ್ ಬ್ಯಾಟರಿಗೆ ಎರಡು ಗಂಟೆ. ಅರ್ಧ ವೇಗದಲ್ಲಿ ಅದರ ಹಲವು ಪಟ್ಟು ಹೊತ್ತು ಬರುತ್ತದೆ, ಹೆಚ್ಚಿನ ಹೊತ್ತು ನೀವು ಓಡಿಸುವುದೂ ಹಾಗೇ ಅಲ್ವಾ. 24 ಅಥವಾ 36 ವೋಲ್ಟ್ ಬೇಕು ಅಂತ ಬ್ಯಾಟರಿಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು, ಕಟ್ಟುವುದಾದರೆ, ಆ ಬ್ಯಾಟರಿಯ ಬಿಎಂಎಸ್ ಅದಕ್ಕೆ ತಯಾರಾಗಿದೆಯಾ ಅಂತ ಕೇಳಿ, ಕಟ್ಟುವ ಮೊದಲು ಒಂದೊಂದನ್ನೂ ಬೇರೆ ಬೇರೆಯಾಗಿ ಪೂರ್ತಿ ತುಂಬಿಸಿ. ಇಲ್ಲದಿದ್ದರೆ ಹಿಂದೆ ಬಿದ್ದ ಒಂದು ಬ್ಯಾಟರಿ ಮೊದಲು ಕಡಿದು, ಉಳಿದವುಗಳಲ್ಲಿ ಚಾರ್ಜ್ ಇದ್ದರೂ ಮೋಟಾರ್ ನಿಲ್ಲುತ್ತದೆ. ಫಿಶ್ ಫೈಂಡರನ್ನು ಮೋಟಾರಿನ ಬ್ಯಾಟರಿಗೆ ಸೇರಿಸಬೇಡಿ, ಪರದೆಯ ಮೇಲೆ ಮೀನಿಗಿಂತ ಮೋಟಾರಿನ ಗೀರುಗಳೇ ಜಾಸ್ತಿ ಕಾಣುತ್ತವೆ. ಅದಕ್ಕೊಂದು ಸಣ್ಣ ಬ್ಯಾಟರಿ ಸಾಕು.

ಉಳಿದದ್ದು ಬೇಗ ಹೇಳುತ್ತೇನೆ. ತವರ ಲೇಪಿಸಿದ ತಾಮ್ರದ ಕೇಬಲ್, ಸರಿಯಾಗಿ ಒತ್ತಿ ಕೂರಿಸಿದ ಕ್ರಿಂಪ್ ಜೋಡಣೆ, ಉಪ್ಪು ನೀರು ಒಳಗೆ ಹೋಗದ ಹಾಗೆ ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ. ಹಗುರ ಇದೆ ಅಂತ ಬ್ಯಾಟರಿಯನ್ನು ಸಡಿಲ ಬಿಡಬೇಡಿ, ಅಲೆಗೆ ದೋಣಿ ಕುಕ್ಕಿದಾಗ 12 ಕೆಜಿ ಹಾರಿದರೂ ಟರ್ಮಿನಲ್ ಕಿತ್ತು ಬರುತ್ತದೆ. ಎಂಜಿನ್ ಪಕ್ಕದ ಬಿಸಿಯಲ್ಲಿ ಇಡಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಬೇಡಿ, ಸೆಲ್ ಒಳಗೆ ಲಿಥಿಯಂ ಲೋಹವಾಗಿ ಕೂತುಬಿಡುತ್ತದೆ, ಆ ಹಾನಿ ಸರಿಹೋಗುವುದಿಲ್ಲ. ತಿಂಗಳುಗಟ್ಟಲೆ ದೋಣಿ ನಿಲ್ಲಿಸುವುದಾದರೆ ಅರ್ಧ ಚಾರ್ಜ್ ಇಟ್ಟು ಸ್ವಿಚ್ ಆಫ್ ಮಾಡಿ.

ಎಲ್ಲಾ ಜೋಡಿಸಿದ ಮೇಲೆ ನೀರಿಗೆ ಹೊರಡುವ ಮುಂಚೆ ಈ ಪರೀಕ್ಷೆ ಮಾಡಿ. ದೋಣಿ ದಡಕ್ಕೆ ಕಟ್ಟಿರಲಿ, ಎಂಜಿನ್ ಆಫ್ ಇರಲಿ. ಲಿಥಿಯಂನ ಮುಖ್ಯ ಸ್ವಿಚ್ ಆರಿಸಿ. ಬಿಲ್ಜ್ ಪಂಪಿನ ಫ್ಲೋಟ್, ಅಂದರೆ ನೀರೇರಿದಾಗ ಪಂಪ್ ಆನ್ ಮಾಡುವ ತೇಲುವ ಸ್ವಿಚ್, ಕೈಯಿಂದ ಎತ್ತಿ, ಪಂಪ್ ಓಡುತ್ತದಾ ನೋಡಿ. ರೇಡಿಯೋ ಆನ್ ಆಗುತ್ತದಾ, ಲೈಟ್ ಉರಿಯುತ್ತದಾ, ಎಂಜಿನ್ ಸ್ಟಾರ್ಟ್ ಆಗುತ್ತದಾ ನೋಡಿ. ಇವುಗಳಲ್ಲಿ ಒಂದು ಸತ್ತಿದ್ದರೂ ವೈರಿಂಗ್ ಮತ್ತೆ ಬಿಚ್ಚಿ ಸರಿಮಾಡಿ, ಆಮೇಲೆ ಹಗ್ಗ ಬಿಚ್ಚಿ.