ತಂಬುಳಿಗೆ ಎಂಟು ದೊಡ್ಡಪತ್ರೆ ಎಲೆ

ಈಗ ನೀವು ನೋಡುತ್ತಿರುವುದು ನಮ್ಮ ಹಿತ್ತಿಲಿನ ಬಚ್ಚಲ ಪಕ್ಕದಲ್ಲಿ ಹಬ್ಬಿಕೊಂಡಿರುವ ದೊಡ್ಡಪತ್ರೆ. ಕೆಲವು ಕಡೆ ಇದನ್ನೇ ಸಾಂಬಾರಬಳ್ಳಿ ಎನ್ನುತ್ತಾರೆ. ಮೈತುಂಬ ನವಿರಾದ ರೋಮವಿರುವ ಈ ದಪ್ಪ ಎಲೆಯನ್ನು ಬೆರಳುಗಳ ನಡುವೆ ಹೊಸಕಿದರೆ ಓಮದ ಕಾಳಿನ ಘಾಟು ಮೂಗಿಗೆ ಬಡಿಯುತ್ತದೆ. ಅದಕ್ಕೆ ಕಾರಣವಿದೆ: ಓಮಕ್ಕೆ ವಾಸನೆ ಕೊಡುವ ಥೈಮಾಲ್, ಜೊತೆಗೆ ಅದರ ಹತ್ತಿರದ ನಂಟಿನ ಕಾರ್ವಕ್ರಾಲ್, ಇವೆರಡೂ ಈ ಎಲೆಯ ತೈಲದಲ್ಲಿವೆ. ಪ್ರಯೋಗಾಲಯದಲ್ಲಿ ಇವು ಹಲವು ಬಗೆಯ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುತ್ತವೆ. ಬಾಯಿ ಮುಕ್ಕಳಿಸುವ ಕೆಲವು ದ್ರಾವಣಗಳಲ್ಲಿ ಥೈಮಾಲ್ ಬಳಕೆಯಲ್ಲಿದೆ. ಆದರೆ ಗಾಜಿನ ತಟ್ಟೆಯಲ್ಲಿ ಕಂಡದ್ದು ನಮ್ಮ ಎದೆಯೊಳಗಿನ ಕಫಕ್ಕೂ ಹಾಗೆಯೇ ಅನ್ವಯಿಸುತ್ತದೆ ಎಂದು ನಾನು ಹೇಳಲಾರೆ. ನಾನು ಇದನ್ನು ಮೊದಲು ಆಹಾರವೆಂದೇ ಕಾಣುತ್ತೇನೆ.

ಮಲೆನಾಡಿನ ಮನೆಗಳಲ್ಲಿ ಇದರ ತಂಬುಳಿ ಮಾಡುವ ಕ್ರಮದಲ್ಲಿಯೇ ಒಂದು ವಿವೇಕವಿದೆ. ಏಳೆಂಟು ಎಲೆಗಳನ್ನು ತೊಳೆದು, ಒಂದು ಚಮಚ ತುಪ್ಪದಲ್ಲಿ ಜೀರಿಗೆ ಮತ್ತು ನಾಲ್ಕು ಕಾಳುಮೆಣಸಿನ ಜೊತೆ ಸಣ್ಣ ಉರಿಯಲ್ಲಿ ಬಾಡಿಸಬೇಕು. ನೋಡಿ, ನೀರು ಬಿಟ್ಟ ಎಲೆ ಚರಚರ ಎನ್ನುತ್ತ ಮುದುಡಿ, ಹಸಿರು ಮಾಸಿ ಕಂದು ಬಣ್ಣಕ್ಕೆ ತಿರುಗುವಾಗ ಹಸಿ ಘಾಟು ತಗ್ಗುತ್ತದೆ. ಈ ತೈಲಾಂಶಗಳು ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುವುದರಿಂದ ಅವುಗಳ ಪರಿಮಳವನ್ನು ತುಪ್ಪ ಹಿಡಿದುಕೊಳ್ಳುತ್ತದೆ. ಆಮೇಲೆ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿ, ಉಪ್ಪು ಹಾಕಿದರೆ ಆಯಿತು, ತಂಬುಳಿಯನ್ನು ಕುದಿಸುವುದಿಲ್ಲ.

ಶೀತವಾದಾಗ ಎಲೆಯನ್ನು ಬಿಸಿನೀರಿನಲ್ಲಿ ಕುದಿಸಿ ಕಷಾಯ ಮಾಡುವುದು ಎಲ್ಲರಿಗೂ ಗೊತ್ತಿರುವ ರೂಢಿ. ಬಿಸಿಯಾದ ಕಷಾಯ ಗಂಟಲಿಗೆ ಹಿತ ನೀಡುತ್ತದೆ. ಪಿತ್ತದ ಗಂದೆ ಎದ್ದಾಗ ಮೈಗೆ ಎಲೆ ಉಜ್ಜುವುದೂ ಹಳೆಯ ಪದ್ಧತಿಯೇ, ಆದರೂ ಸೂಕ್ಷ್ಮ ಚರ್ಮದವರು ಮೊದಲು ಮುಂಗೈಯ ಒಂದು ಚೂರು ಜಾಗದಲ್ಲಿ ಹಚ್ಚಿ ನೋಡಬೇಕು. ಗಂದೆಯ ಜೊತೆ ತುಟಿ ಊದಿಕೊಂಡರೆ ಅಥವಾ ಉಸಿರು ಕಟ್ಟಿದಂತಾದರೆ ಎಲೆ ಹುಡುಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಈ ಎಲೆಯ ರಸಕ್ಕೆ ಜೇನು ಬೆರೆಸಿ ಕೂಸುಗಳಿಗೆ ನೆಕ್ಕಿಸುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನು ಕೊಡಲೇಬಾರದು, ಏಕೆಂದರೆ ಅದರಲ್ಲಿರಬಹುದಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆಯನ್ನು ತರಬಲ್ಲವು.

ಗಿಡ ಬೆಳೆಸಲು ಬೀಜ ಬೇಡ, ಗೇಣುದ್ದದ ಒಂದು ತುಂಡು ಸಾಕು. ಬೇರಿನಲ್ಲಿ ನೀರು ನಿಂತರೆ ಮಾತ್ರ ಕೊಳೆಯುತ್ತದೆ. ಇಂದು ಕಿತ್ತ ಎಂಟು ಎಲೆಗಳ ತಂಬುಳಿ ಇಗೋ ಸಿದ್ಧವಾಗಿದೆ. ಬಿಸಿ ಅನ್ನಕ್ಕೆ ಇದನ್ನೇ ಮೊದಲು ಕಲಸಿಕೊಳ್ಳುತ್ತೇನೆ.