ಡಂಕರ್ಕ್‌ನಿಂದ ಅಷ್ಟೊಂದು ಸೈನಿಕರು ವಾಪಸ್ ಬಂದಿದ್ದು ಹೇಗೆ? ಅಡ್ಮಿರಲ್ ರ್ಯಾಮ್ಸೆ ಕಥೆ

ನಮಸ್ಕಾರ ಎಲ್ರಿಗೂ. ಡಂಕರ್ಕ್ ಅಂದ್ರೆ ಫ್ರಾನ್ಸ್‌ನ ಬಂದರು, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಮಧ್ಯೆ ಸಿಕ್ಕಿಹಾಕ್ಕೊಂಡ ಬ್ರಿಟನ್ ಮತ್ತು ಮಿತ್ರಪಕ್ಷದ ಸೈನಿಕರನ್ನ ಇಂಗ್ಲೆಂಡ್‌ಗೆ ವಾಪಸ್ ತಂದಿದ್ದು ಇಲ್ಲಿಂದ್ಲೇ. ಆ ಹೆಸರು ಹೇಳಿದ ತಕ್ಷಣ ಎಲ್ರೂ ಅವರನ್ನ ತರೋಕೆ ಹೋದ ಪುಟ್ಟ ಪುಟ್ಟ ದೋಣಿಗಳ ಕಥೇನೇ ಹೇಳ್ತಾರೆ. ಆದ್ರೆ 3,38,226 ಜನ ಬರೀ ದೋಣೀಲಿ ಬರೋಕಾಗುತ್ತಾ ಅಂತ ನಿಮ್ಮಲ್ಲಿ ತುಂಬಾ ಜನ ಕೇಳಿದ್ರಿ. ಅದಕ್ಕೆ ಉತ್ತರ ಈ ಕೆಲಸ ನಡೆಸಿದ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಬರ್ಟ್ರಮ್ ರ್ಯಾಮ್ಸೆ ಹತ್ರ ಇದೆ.

ಬೇಸಿಕ್ಸ್ ಬೇಗ ಹೇಳ್ಬಿಡ್ತೀನಿ. 1898ಕ್ಕೆ ನೇವಿ ಸೇರಿದ್ರು, ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸ್‌ಗೆ ಎದುರಿರೋ ಇಂಗ್ಲೆಂಡ್‌ನ ಬಂದರು ಡೋವರ್ ಕಡೇಲೇ ಹಡಗು ನಡೆಸಿದ್ರು. 1935ರಲ್ಲಿ ಅಡ್ಮಿರಲ್ ಬ್ಯಾಕ್‌ಹೌಸ್‌ಗೆ ಚೀಫ್ ಆಫ್ ಸ್ಟಾಫ್ (ಮುಖ್ಯ ಸಹಾಯಕ ಅಧಿಕಾರಿ) ಆದ್ರು, ಅವರೋ ಎಲ್ಲಾ ಕೆಲಸ ತಾವೇ ಹಿಡ್ಕೊಂಡು ಕೂರೋರು, ಇವರಿಗೆ ಏನೂ ಬಿಟ್ಕೊಡ್ತಿರ್ಲಿಲ್ಲ, ಕೊನೆಗೆ ಈ ಹುದ್ದೇನೇ ಬೇಡ ಅಂತ ಹೊರಗೆ ಬಂದ್ಬಿಟ್ರು. 1938ಕ್ಕೆ ರಿಟೈರ್ಡ್ ಲಿಸ್ಟ್. 1939ರಲ್ಲಿ ವಾಪಸ್ ಕರೆಸಿ ಡೋವರ್ ಜವಾಬ್ದಾರಿ ಕೊಟ್ರು.

1940 ಮೇ 26, ಡೋವರ್ ಕೋಟೆ ಕೆಳಗಿನ ಸುರಂಗದಿಂದ ಆಪರೇಷನ್ ಡೈನಮೋ ಶುರು, ಅಂದ್ರೆ ಡಂಕರ್ಕ್‌ನಿಂದ ಸೈನಿಕರನ್ನ ವಾಪಸ್ ತರೋ ಕಾರ್ಯಾಚರಣೆ. 45,000 ಜನ ಬಂದ್ರೂ ದೊಡ್ಡದು ಅನ್ನೋ ಅಂದಾಜು. 27ನೇ ತಾರೀಕು ಬಂದಿದ್ದು 7,669 ಮಾತ್ರ! ಕಡಲತೀರದಲ್ಲಿ ಆಳ ಇಲ್ಲ, ದೊಡ್ಡ ಹಡಗು ದೂರದಲ್ಲೇ ನಿಲ್ಬೇಕು, ಸೈನಿಕರು ನೀರಲ್ಲಿ ಸಾಲುಗಟ್ಟಿ ದೋಣಿಗೆ ಕಾಯ್ಬೇಕು.

ಈಗ ನಂಗೆ ಭಾರಿ ಇಷ್ಟವಾದ ಭಾಗ. ರ್ಯಾಮ್ಸೆ ಕೈಕೆಳಗೆ ಡಂಕರ್ಕ್‌ನಲ್ಲಿ ನಿಂತಿದ್ದ ಕ್ಯಾಪ್ಟನ್ ಟೆನೆಂಟ್ ಕಣ್ಣಿಗೆ ಬಂದರಿನ ಪೂರ್ವದ ತಡೆಗೋಡೆ ಬಿತ್ತು. ಸಮುದ್ರದೊಳಗೆ ಒಂದು ಕಿಲೋಮೀಟರ್‌ಗೂ ಹೆಚ್ಚು ಚಾಚ್ಕೊಂಡಿರೋ ಗೋಡೆ, ಮೇಲೆ ಮೂರ್ನಾಲ್ಕು ಜನ ಸಾಲಾಗಿ ನಡೆಯೋವಷ್ಟು ಮರದ ಹಲಗೆ ದಾರಿ. ಅದನ್ನ ಕಟ್ಟಿದ್ದು ಅಲೆ ತಡೆಯೋಕೆ, ಹಡಗು ಕಟ್ಟೋಕಲ್ಲ! ಆದ್ರೂ 27ರ ರಾತ್ರಿ ಕ್ವೀನ್ ಆಫ್ ದ ಚಾನಲ್ ಅನ್ನೋ ಹಡಗನ್ನ ಕರೆದು ಪಕ್ಕಕ್ಕೆ ನಿಲ್ಸೇಬಿಟ್ರು, ನಿಂತ್ಕೊಳ್ತು. ಇಳಿತ ಬಂದಾಗ ನೀರು ಸುಮಾರು 5 ಮೀಟರ್ ಕೆಳಗೆ ಹೋಗುತ್ತೆ, ಆಗ ನಿದ್ದೆಗೆಟ್ಟ ಸೈನಿಕರು ಬಂದೂಕು ಹೆಗಲಿಗೇರಿಸ್ಕೊಂಡು ಕತ್ತಲಲ್ಲಿ ಏಣಿ, ಹಲಗೆ ಹಿಡ್ಕೊಂಡು ಡೆಕ್‌ಗೆ ಇಳೀಬೇಕು, ಮೇಲಿಂದ ಬಾಂಬು ಬೇರೆ. ಒಟ್ಟು ಬಂದವರಲ್ಲಿ ಸುಮಾರು 2,39,000 ಜನ ಬಂದರು ಮತ್ತು ಈ ಗೋಡೆ ಕಡೆಯಿಂದ್ಲೇ ಹತ್ತಿದ್ದು. ತೀರದಿಂದ ಸುಮಾರು 99,000. ದೋಣಿಯವರ ಧೈರ್ಯಕ್ಕೆ ಕೈ ಮುಗೀತೀನಿ, ಆದ್ರೆ ಲೆಕ್ಕ ಇದು.

ಸ್ಥಳದಲ್ಲಿದ್ದವನ ಮಾತು ನಂಬಿ ಹಡಗು ಕಳಿಸ್ತಾ ಹೋಗಿದ್ದೇ ರ್ಯಾಮ್ಸೆ ದೊಡ್ಡತನ ಅಂತೀನಿ ನಾನು. 29ಕ್ಕೆ ಡಿಸ್ಟ್ರಾಯರ್ ಅನ್ನೋ ವೇಗದ ಯುದ್ಧನೌಕೆಗಳು ಮುಳುಗಿದ್ದು ನೋಡಿ ಲಂಡನ್‌ನ ನೌಕಾಪಡೆ ಮುಖ್ಯ ಕಚೇರಿಯವರು ಹೊಸ ಡಿಸ್ಟ್ರಾಯರ್‌ಗಳನ್ನ ವಾಪಸ್ ತಗೊಂಡ್ರು, ಇವರು ಹಠ ಹಿಡಿದು ಮಾರನೇ ದಿನವೇ ತರಿಸ್ಕೊಂಡ್ರು.

ಟೈಮ್ ಆಗ್ತಿದೆ, ಉಳಿದಿದ್ದು ಫಾಸ್ಟಾಗಿ: ಉತ್ತರ ಆಫ್ರಿಕಾ, 1943ರಲ್ಲಿ ಸಿಸಿಲಿ, ಈ ಎರಡೂ ಕಡೆ ಸೈನ್ಯ ಇಳಿಸೋ ಕೆಲಸ, ಆಮೇಲೆ 1944 ಜೂನ್ 6ರಂದು ಫ್ರಾನ್ಸ್‌ನ ನಾರ್ಮಂಡಿ ತೀರಕ್ಕೆ ಸೈನ್ಯ ಇಳಿಸೋಕೆ ಸುಮಾರು 7,000 ಹಡಗು-ದೋಣಿಗಳ ಹೊಣೆ. ಅದೇ ವರ್ಷ ಏಪ್ರಿಲ್‌ವರೆಗೂ ಕಾಗದದ ಮೇಲೆ ಇವರು ರಿಟೈರ್ಡೇ! ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಬಂದರು ಮಿತ್ರಪಕ್ಷದ ಕೈಗೆ ಬಂದಾಗ, ಸಮುದ್ರದಿಂದ ಅಲ್ಲಿಗೆ ಹೋಗೋ ನದಿ ದಾರಿ ತೆರವು ಮಾಡದಿದ್ರೆ ಬಂದರಿದ್ದೂ ಪ್ರಯೋಜನ ಇಲ್ಲ ಅಂತ ಎಚ್ಚರಿಸಿದ್ರು, ಸರಕು ಹಡಗುಗಳ ಮೊದಲ ದೊಡ್ಡ ಗುಂಪು ಅಲ್ಲಿಗೆ ಸೇರಿದ್ದು ನವೆಂಬರ್ 28ಕ್ಕೆ. 1945 ಜನವರಿ 2ರಂದು ಪ್ಯಾರಿಸ್ ಹತ್ರ ವಿಮಾನ ಬಿದ್ದು ತೀರ್ಕೊಂಡ್ರು, ಯುರೋಪಿನಲ್ಲಿ ಯುದ್ಧ ಮುಗಿಯೋಕೆ ನಾಲ್ಕೇ ತಿಂಗಳಿತ್ತು. ಆಂಟ್‌ವರ್ಪ್‌ದು ದೊಡ್ಡ ಕಥೆ, ಮುಂದಿನ ವಿಡಿಯೋದಲ್ಲಿ ಪೂರ್ತಿ ಹೇಳ್ತೀನಿ.